ಐದನೆಯ ನುಡಿ

ಕೂಸಿಗೆ ಬಜೆ ತೇಯುವ ಕೆಲಸ ನಮ್ಮ ಮನೆಯಲ್ಲಿ ಇನ್ನೂ ನನ್ನದೇ. ತವರಿಗೆ ಬಂದಿರುವ ಮೊಮ್ಮಗಳ ಕೂಸು ಅದು. ಮಾತು ಬೇಗ ಬರಲಿ, ನಾಲಿಗೆ ಚುರುಕಾಗಲಿ ಎಂದು ಒಂದಿಷ್ಟು ನೆಕ್ಕಿಸುವುದು ನಮ್ಮ ಕಡೆಯ ರೂಢಿ. ಹೋದ ವಾರ ಸಾಣೆಕಲ್ಲಿನ ಮೇಲೆ ಎರಡು ಹನಿ ಹಾಲು ಬಿಟ್ಟು ತೇಯ್ದೆನೋ ಇಲ್ಲವೋ, ಆ ಖಾರವಾದ ಮಣ್ಣುವಾಸನೆ ಮೂಗಿಗೆ ಅಡರಿ ಕೈ ಅಲ್ಲೇ ನಿಂತಿತು. ಗೋಡೆಯ ಆಚೆ ಭಜನಿ ಮಾಸ್ತರು ಬಂದು ಕೂತಿದ್ದಾರೆ ಅನಿಸಿತು. ಅವರು ಹೋಗಿ ಅರವತ್ತು ವರ್ಷದ ಮೇಲಾಗಿದೆ. ಆ ಗೋಡೆಯೂ ಈಗ ಇಲ್ಲ...

ನಾನು ತಿಕೋಂಡಿಗೆ ಸೊಸೆಯಾಗಿ ಬಂದಾಗ ಜತ್ತಿನ ಸಂಸ್ಥಾನ ಹೋಗಿ ಒಂದೆರಡು ವರ್ಷವಾಗಿತ್ತಷ್ಟೇ. ಹಿರಿಯರು ‘ಸರಕಾರ’ ಎನ್ನುವಾಗ ಇನ್ನೂ ಜತ್ತಿನ ಕಡೆಗೇ ಕೈ ತೋರಿಸುತ್ತಿದ್ದರು. ನಾನು ವಿಜಾಪುರದ ಕಡೆಯವಳು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಅದು ನಮ್ಮತ್ತೆಗೆ ಅಷ್ಟು ಸೇರುತ್ತಿರಲಿಲ್ಲ. ರೊಟ್ಟಿ ಸ್ವಲ್ಪ ದಪ್ಪಗಾದರೆ ‘ಸಾಲಿ ಕಲತಾಕಿ ರೊಟ್ಟಿ’ ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳುವರು. ನಮ್ಮ ಮನೆಗೂ ಮಾಸ್ತರ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಿನಲ್ಲಿ ಅದು ಎದೆಮಟ್ಟ ಮಾತ್ರ ಇತ್ತು. ಅವರು ಎತ್ತರದ ಆಳು, ಬಡಕಲು ಮೈ, ಹೆಂಡತಿ ಸತ್ತವರು, ಮಕ್ಕಳಿಲ್ಲ. ಗಂಟಲು ಕೆಡಬಾರದೆಂದು ದವಡೆಯಲ್ಲಿ ಯಾವಾಗಲೂ ಒಂದು ಬಜೆಯ ತುಂಡು ಇಟ್ಟುಕೊಂಡಿರುತ್ತಿದ್ದರು. ಕಾಣುವ ಮೊದಲೇ ಅವರ ವಾಸನೆ ಬರುತ್ತಿತ್ತು.

ಹೊಟ್ಟೆಗೆ ಒಂದಿಷ್ಟು ಜೋಳದ ಹೊಲವಿತ್ತು. ಪದಗಳನ್ನು ಕಟ್ಟುತ್ತಿದ್ದುದೂ ಅಲ್ಲಿಯೇ, ಕುಂಟೆಯ ಹಿಂದೆ ನಡೆಯುತ್ತ. ಗುಡ್ಡಾಪುರದ ದಾನಮ್ಮನ ಮೇಲೆ ಅವರು ಕಟ್ಟಿದ ಪದಗಳನ್ನು ಹಾಡುತ್ತಲೇ ನಮ್ಮ ಹೆಣ್ಣುಮಕ್ಕಳು ಅಲ್ಲಿಗೆ ನಡೆದು ಹೋಗುತ್ತಿದ್ದರು, ದಾರಿ ಸವೆದದ್ದು ತಿಳಿಯುತ್ತಿರಲಿಲ್ಲ. ಸಂಜೆ ಮಠದ ಕಟ್ಟೆಯ ಮೇಲೆ ಐದಾರು ಗಂಡಸರಿಗೆ ಕಲಿಸುತ್ತಿದ್ದರು. ನಮ್ಮ ಮನೆಯವರು ಆ ಮೇಳದಲ್ಲಿ ಮುಂದಿನ ದನಿ. ಮೊದಲು ತಾಳವಿಲ್ಲದೆ ನುಡಿಯನ್ನು ಮಾತಿನಂತೆ ಹೇಳಿಸುವುದು, ಆಮೇಲೆ ನಡೆಯುತ್ತ ಹೇಳಿಸುವುದು, ಆಮೇಲೆ ಹಾಡು.

“ಸಾಲಿನ ತುದಿಗೆ ಎತ್ತು ತಿರುಗೂದರಾಗ ಉಸುರು ಮುಗೀಬೇಕು. ಮುಗೀಲಿಲ್ಲಂದ್ರ ನೀ ಸುಳ್ಳ ಎಳದೀ ಅಂತ ತಿಳಕೋ,” ಎನ್ನುತ್ತಿದ್ದರು.

ತಪ್ಪಿದವರನ್ನು ಬೈಯುತ್ತಿರಲಿಲ್ಲ. ತಪ್ಪಿದವನು ತಾಳ ನೆಲಕ್ಕಿಟ್ಟು ಎದ್ದು ಎಲ್ಲರಿಗೂ ನೀರು ತಂದು ಕೊಡಬೇಕು, ಅಷ್ಟೇ. ನಮ್ಮ ಮನೆಯವರು ಮದುವೆಯಾದ ಹೊಸದರಲ್ಲಿ ಬಹಳ ನೀರು ಹೊತ್ತರಂತೆ. ಅದಕ್ಕೆ ಕಾರಣ ನಾನೇ ಎಂದು ಗೆಳೆಯರು ಕಾಡುತ್ತಿದ್ದರು.

ಇಷ್ಟೇ ಆಗಿದ್ದರೆ ಮಾಸ್ತರನ್ನು ನೆನೆದಾಗ ನನ್ನ ಮೈ ಇವತ್ತಿಗೂ ಹೀಗೆ ಜುಮ್ಮೆನ್ನುತ್ತಿರಲಿಲ್ಲ. ಅವರ ಇನ್ನೊಂದು ಪದವಿತ್ತು. ಒಂದು ಸಲ ನಾನು ಜೋಳ ಹಸನು ಮಾಡುತ್ತ ಅದರ ಧಾಟಿಯನ್ನು ಗುನುಗಿದೆ. ಅತ್ತೆ ಒಳಗಿನಿಂದ ಓಡಿಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

“ಅದನ್ನ ಮನ್ಯಾಗ ಅನ್ನಬ್ಯಾಡ ನೋಡವಾ. ಹೆಣದ ಪದ ಅದು.”

ಅವರೇ ಆಮೇಲೆ ಹೇಳಿದರು. ಮಾಸ್ತರ ಹೆಂಡತಿ ಹೋದ ದಿನ, ನಮ್ಮ ಪದ್ಧತಿಯಂತೆ ಆಕೆಗೆ ವಿಭೂತಿ ಹಚ್ಚಿ, ಹೂವು ಹಾಕಿ, ಗೋಡೆಗೆ ಆನಿಸಿ ಕೂರಿಸಿದ್ದರಂತೆ. ಎದುರಿಗೆ ಕೂತ ಮಾಸ್ತರ ಬಾಯಿಂದ ಆ ಪದ ತಾನಾಗಿ ಹೊರಟಿತಂತೆ. ಐದು ನುಡಿಯ ಪದ ಅದು. ಮೊದಲ ನಾಲ್ಕರಲ್ಲಿ ಹೋಗುವ ಜೀವ ಅಪ್ಪಣೆ ಕೇಳುತ್ತದೆ: ಕಣ್ಣಿಗೆ, ಕೈಗೆ, ಹೊಲಕ್ಕೆ, ಮನೆಗೆ. ಐದನೆಯದರಲ್ಲಿ ಉಳಿದವರು ಅಪ್ಪಣೆ ಕೊಡಬೇಕು, ಹೋಗು ಎನ್ನಬೇಕು. ಮಾಸ್ತರು ನಾಲ್ಕು ನುಡಿ ಹೇಳಿ ತಾಳ ಕೆಳಗಿಟ್ಟರಂತೆ. ಐದನೆಯದು ಎದೆಯಲ್ಲಿ ಇತ್ತು, ಬಾಯಿಗೆ ಬರಲಿಲ್ಲ.

ಅಂದಿನಿಂದ ಸುತ್ತಿನ ಯಾವ ಊರಲ್ಲಿ ಸಾವಾದರೂ ಮಾಸ್ತರ ಮೇಳಕ್ಕೆ ಕರೆ ಬರುತ್ತಿತ್ತು. ಕರಜಗಿಯಿಂದ ಗಾಡಿ ಕಳಿಸುತ್ತಿದ್ದರು. ಮಾಸ್ತರದು ಒಂದೇ ನೇಮ: ಈ ಪದವನ್ನು ಮಠದಲ್ಲಿ ಕಲಿಸುವಂತಿಲ್ಲ, ಬರೆದು ಕೊಡುವಂತಿಲ್ಲ, ಕಲಿಯುವುದಿದ್ದರೆ ಹೆಣದ ಮುಂದೆಯೇ ಕಲಿಯಬೇಕು. ಹೀಗಾಗಿ ಮೇಳದವರು ಅದರ ಒಂದೊಂದು ಸಾಲನ್ನೂ ಯಾರದೋ ಸಾವಿನ ಮನೆಯಲ್ಲಿ ಕಲಿತಿದ್ದರು. ‘ಆ ಏರುದನಿ ನನಗೆ ಸಿಕ್ಕಿದ್ದು ಗೌಡರ ಮುದುಕಿ ಹೋದಾಗ’ ಎಂದು ನಮ್ಮ ಮನೆಯವರು ಊಟ ಮಾಡುತ್ತ ಹೇಳಿದರೆ ನಾನು ಬಡಿಸುವುದನ್ನು ಬಿಟ್ಟು ಒಳಗೆ ಹೋಗುತ್ತಿದ್ದೆ. ಎಲ್ಲಿ ಹೋದರೂ ನಾಲ್ಕೇ ನುಡಿ. ಐದನೆಯದರ ಜಾಗ ಬಂದಾಗ ಮಾಸ್ತರು ತಲೆ ತಗ್ಗಿಸಿ ಸುಮ್ಮನೆ ಕೂಡುತ್ತಿದ್ದರು.

ಜನ ಸುಮ್ಮನಿರುತ್ತಾರೆಯೇ? ಅಪ್ಪಣೆ ಸಿಗದೆ ಹೋದವರು ಹೊಸ್ತಿಲಲ್ಲೇ ನಿಂತಿದ್ದಾರೆ ಎಂಬ ಮಾತು ಹುಟ್ಟಿತು. ನೀರು ತರಲು ಹೋದಲ್ಲಿ ಹೆಂಗಸರದು ಅದೇ ಮಾತು. ಯಾರ ಮನೆಯಲ್ಲಾದರೂ ಬಾಗಿಲು ತಾನಾಗಿ ಕಿರ್ರೆಂದರೆ, ಎಮ್ಮೆ ಒಮ್ಮೆಲೆ ಹಾಲು ಕಡಿಮೆ ಮಾಡಿದರೆ, ಆ ಮನೆಯಲ್ಲಿ ತೀರಿಕೊಂಡವರ ಹೆಸರು ಬರುತ್ತಿತ್ತು. ಓದಿದವಳು ನಾನು, ನಂಬಲಿಲ್ಲ. ಆದರೆ ಹೊಸ್ತಿಲು ದಾಟುವಾಗ ಒಂದು ಕ್ಷಣ ನಿಂತು ದಾಟುವುದು ನನಗೂ ಅಭ್ಯಾಸವಾಯಿತು.

ಆಮೇಲೆ ಮಾಸ್ತರ ದನಿ ಕೆಡತೊಡಗಿತು. ಮೊದಲು ಬಜೆಯ ತುಂಡು ದೊಡ್ಡದಾಯಿತು, ಆಮೇಲೆ ನುಂಗುವುದು ಕಷ್ಟವಾಯಿತು. ಮಿರಜಿನ ದೊಡ್ಡ ದವಾಖಾನೆಗೆ ಹೋಗಿ ತೋರಿಸಿಕೊಂಡು ಬಂದರು. ಗಂಟಲಲ್ಲಿ ಗಂಟು, ಮಾಡುವಂಥದ್ದು ಏನೂ ಉಳಿದಿಲ್ಲ ಎಂದರಂತೆ. ಆ ಸಂಜೆ ಮಠದಲ್ಲಿ ಮೇಳದವರಿಗೆ ಹೇಳಿದರು: “ಐದನೇ ನುಡಿ ನನ್ನ ಕೂಡ ಮಣ್ಣಿಗೆ ಹೋಗಬಾರದು. ಹಂಗಾದ್ರ ಮುಂದ ಈ ಊರಾಗ ಯಾರಿಗೂ ಅಪ್ಪಣಿ ಇಲ್ಲ. ಇನ್ನ ಮ್ಯಾಲ ಮೊದಲನೇ ಹೆಣ ಯಾರದಽ ಇರಲಿ, ಅದರ ಮುಂದ ಹೇಳತೀನಿ, ಕಲತುಬಿಡ್ರಿ.”

ನೋಡಿ ವಿಚಿತ್ರ. ಆ ವರ್ಷ ಮಳೆ ಚೆನ್ನಾಗಿತ್ತು, ಜೋಳ ಆಳೆತ್ತರ ಬಂದಿತ್ತು, ಊರಲ್ಲಿ ಯಾರೂ ಸಾಯಲಿಲ್ಲ. ಸುತ್ತಲ ಊರುಗಳಿಂದಲೂ ಕರೆ ಬರಲಿಲ್ಲ. ಮಾಸ್ತರ ದನಿ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಅವರು ಕಾಯಿಲೆಯವರ ಮನೆಗೆಲ್ಲ ಹೋಗಿ ಕೂಡತೊಡಗಿದರು. ಕೆಟ್ಟ ಮನಸ್ಸಿನಿಂದಲ್ಲ, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಓಣಿಯಲ್ಲಿ ಬಜೆಯ ವಾಸನೆ ಬಂತೆಂದರೆ ಸಾಕು, ಹೆಂಗಸರು ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಮುದುಕರನ್ನು ಎಬ್ಬಿಸಿ ಒಳಗೆ ಕರೆದೊಯ್ಯುತ್ತಿದ್ದರು. ಜ್ವರ ಬಂದ ಕೂಸುಗಳ ಬಾಯಿ ಮುಚ್ಚಿ ಅಳದಂತೆ ಮಾಡುತ್ತಿದ್ದರು.

ನಮ್ಮ ಮಾವನಿಗೆ ದಮ್ಮು. ಆ ಚಳಿಗಾಲ ಅದು ಬಹಳ ಜೋರಾಯಿತು. ಮಾಸ್ತರು ದಿನವೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

“ನಿಮ್ಮ ಮಾವಾರು ಹೆಂಗದಾರವಾ ತಂಗಿ?”

“ಆರಾಮ ಅದಾರ್ರಿ,” ಎನ್ನುತ್ತಿದ್ದೆ. ಒಳಗೆ ಮಾವನ ಎದೆ ಹಳೆಯ ತಿದಿಯಂತೆ ಸೀಟಿ ಹೊಡೆಯುವುದು ಇಬ್ಬರಿಗೂ ಕೇಳಿಸುತ್ತಿತ್ತು.

ಒಂದು ದಿನ ಮಾವನೇ ಒಳಗಿನಿಂದ ಕರೆದರು. “ಬರ್ರಿ ಮಾಸ್ತರ, ಒಳಗ ಬಂದು ಕುಂದ್ರಿ. ನಿಮ್ಮ ಸಲುವಾಗಿ ಲಗೂನ ಸಾಯಾಕ ನೋಡಾಕತ್ತೀನಿ, ಆಗವಲ್ತು.”

ಮಾಸ್ತರು ಹಾಸಿಗೆಯ ಹತ್ತಿರ ಕೂತು ಮಾವನ ಕೈ ಹಿಡಿದುಕೊಂಡರು. “ಅವಸರ ಮಾಡಬ್ಯಾಡ್ರಿ. ಅವಸರ ನನಗೈತಿ, ನಿಮಗ್ಯಾಕ?” ಎಂದರು. ಆಗಲೇ ಅವರದು ದನಿಯಲ್ಲ, ಬರೀ ಗಾಳಿ. ಇಬ್ಬರೂ ನಕ್ಕರು. ಅತ್ತೆ ಅಡುಗೆ ಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ನಾನು ಮಾವನಿಗಾಗಿ ಹೆದರಬೇಕೋ ಮಾಸ್ತರಿಗಾಗಿ ಮರುಗಬೇಕೋ ತಿಳಿಯದೆ ಒಲೆಯ ಮುಂದೆ ನಿಂತಿದ್ದೆ.

ಮಾವ ಗಟ್ಟಿ ಪಿಂಡ, ಎದ್ದು ಕೂತರು. ಸಂಕ್ರಾಂತಿಗೆ ಸಜ್ಜೆ ರೊಟ್ಟಿ ಮುರಿದು ತಿಂದರು. ಅತ್ತ ಮಾಸ್ತರಿಗೆ ಅಂಬಲಿಯೂ ಇಳಿಯದಂತಾಯಿತು.

ಒಂದು ಬೆಳಿಗ್ಗೆ ಅವರಿಂದ ಮೇಳಕ್ಕೆ ಕರೆ ಬಂತು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಗೋಡೆಯ ಮೇಲಿಂದ ನೋಡಿದೆ. ನೋಡಬಾರದಿತ್ತೇನೋ... ಮಾಸ್ತರು ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ಮೈತುಂಬ ವಿಭೂತಿ ಬಳಿದುಕೊಂಡು, ಕೊರಳಿಗೆ ಹೂವು ಹಾಕಿಕೊಂಡು ತಮ್ಮ ಹಿತ್ತಲ ಕಟ್ಟೆಯ ಮೇಲೆ ಗೋಡೆಗೆ ಆನಿಕೊಂಡು ಕೂತಿದ್ದರು. ಕಾಲು ಮಡಚಿ, ಕೈ ತೊಡೆಯ ಮೇಲೆ. ನಾವು ಹೆಣವನ್ನು ಕೂರಿಸುವುದು ಹೇಗೋ ಹಾಗೆ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ. ಮೇಳದವರು ಒಳಗೆ ಬಂದವರು ಬಾಗಿಲಲ್ಲೇ ನಿಂತರು.

“ಹೆಣದ ಮುಂದಽ ಕಲಸಬೇಕು ಅನ್ನೂದು ನೇಮ. ಹೆಣ ಬರವಲ್ತು. ನಾನಽ ಕುಂತೀನಿ. ಬರ್ರಿ, ಕಲೀರಿ.”

ನಮ್ಮ ಮನೆಯವರು “ಬ್ಯಾಡ್ರಿ ಮಾಸ್ತರ, ನೇಮ ಬಿಡ್ರಿ, ಹಂಗಽ ಹೇಳಿಕೊಡ್ರಿ,” ಎಂದು ಕಾಲು ಹಿಡಿದರು. ಮಾಸ್ತರು ಕಾಲು ಎಳೆದುಕೊಳ್ಳಲೂ ಇಲ್ಲ, ಅವರ ತಲೆ ಮುಟ್ಟಲೂ ಇಲ್ಲ. ಹೆಣ ಮುಟ್ಟುವುದಿಲ್ಲವಲ್ಲ.

ಕೊನೆಗೆ ಎಲ್ಲರೂ ಕೂತು ನಾಲ್ಕು ನುಡಿ ಹಾಡಿದರು. ಐದನೆಯದಕ್ಕೆ ಮಾಸ್ತರು ಕಣ್ಣು ಮುಚ್ಚಿಕೊಂಡೇ ಒಂದೊಂದು ಸಾಲನ್ನು ಮಾತಿನಂತೆ ಹೇಳಿದರು. ಕೇಳಬೇಕಾದರೆ ಮೇಳದವರು ಬಾಯಿಯ ಹತ್ತಿರ ಕಿವಿ ಒಯ್ಯಬೇಕಿತ್ತು. ಅವರು ತಿರುಗಿ ಗಟ್ಟಿಯಾಗಿ ಹೇಳುತ್ತಿದ್ದರು, ಹಾಗಾಗಿ ನನಗೂ ಕೇಳಿಸಿತು. ಒಬ್ಬನು ತಪ್ಪಿದ. ಮಾಸ್ತರ ಬೆರಳೊಂದು ತೊಡೆಯ ಮೇಲಿಂದ ಎದ್ದು ನೆಲ ತೋರಿಸಿತು. ಅವನು ಅಳುತ್ತಲೇ ತಾಳ ಕೆಳಗಿಟ್ಟು ಎದ್ದು ಎಲ್ಲರಿಗೂ ನೀರು ತಂದುಕೊಟ್ಟ. ಆಮೇಲೆ ಎಲ್ಲರೂ ಕೂಡಿ ಪೂರ್ತಿ ಹಾಡಿದರು. ತಮ್ಮ ಗುರುವಿನ ಮುಖ ನೋಡುತ್ತ, ಹೋಗು ಎಂದರು.

ಮಾಸ್ತರು ಆಗಲೇ ಪ್ರಾಣ ಬಿಟ್ಟಿದ್ದರೆ ಊರಿಗೆ ಸುಲಭವಾಗುತ್ತಿತ್ತು. ಅವರು ಕಣ್ಣು ತೆರೆದರು. ಆಮೇಲಿನ ದಿನಗಳೇ ನನ್ನನ್ನು ಇವತ್ತಿಗೂ ಕಾಡುವುದು. ಅಪ್ಪಣೆ ಕೊಟ್ಟ ಮೇಲೂ ಉಸಿರಾಡುತ್ತಿರುವವರನ್ನು ಏನೆಂದು ಮಾತಾಡಿಸಬೇಕು? ಯಾರಿಗೂ ತಿಳಿಯಲಿಲ್ಲ. ಜನ ಅವರ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟರು. ಮೇಳದವರು ಹೊಸ್ತಿಲ ಹೊರಗೆ ನಿಂತು ತಲೆಬಾಗಿ ತಿರುಗಿ ಹೋಗುತ್ತಿದ್ದರು. ನಾನು ಅಂಬಲಿ ಕಾಯಿಸಿದರೆ ಅತ್ತೆ ಕೈ ಹಿಡಿದರು. “ಹೋಗು ಅಂದವರಿಗೆ ಉಣ್ಣಾಕ ಹೆಂಗ ಕೊಡ್ತೀ?”

ಆದರೂ ಒಯ್ದೆ. ಗೋಡೆಯ ಮೇಲೆ ಬಟ್ಟಲು ಇಟ್ಟು “ಮಾಸ್ತರ” ಎಂದೆ. ಅವರು ಆ ಕಟ್ಟೆಯ ಮೇಲೆಯೇ ಇದ್ದರು. ತಿರುಗಿ ನೋಡಿದರು. ಯಾರೋ ಕರೆದರಲ್ಲ ಎಂದು ಸಂತೋಷವಾದಂತೆ ಕಂಡಿತು.

“ಬ್ಯಾಡ ತಂಗಿ. ಎಲ್ಲಾರೂ ಹೋಗು ಅಂದಾರ. ನಾ ಆಕಿಗೆ ಅನ್ನಲಿಲ್ಲ ನೋಡು... ಭಾಳ ದಿನ ನಿಂತಾಳ ಅಲ್ಲೇ,” ಎಂದು ತಮ್ಮ ಹೊಸ್ತಿಲ ಕಡೆ ಕಣ್ಣು ಹೊರಳಿಸಿದರು.

ನಾನು ಆ ಕಡೆ ನೋಡಲಿಲ್ಲ. ಬಟ್ಟಲು ಅಲ್ಲೇ ಬಿಟ್ಟು ಬಂದೆ. ಮರುದಿನ ಅದು ಇಟ್ಟಂತೆಯೇ ಇತ್ತು, ಅಂಬಲಿಯ ಮೇಲೆ ಕೆನೆ ಕಟ್ಟಿತ್ತು. ಅದೇ ವಾರ ಮಾಸ್ತರು ತೀರಿಕೊಂಡರು. ಕೂರಿಸುವ ಕೆಲಸವೇ ಬೀಳಲಿಲ್ಲ, ಕೂತೇ ಇದ್ದರು. ಮೇಳ ನಾಲ್ಕೇ ನುಡಿ ಹಾಡಿತು. ಐದನೆಯದು ಅವರಿಗೆ ಮುಟ್ಟಿದೆ ಎಂದು ನಮ್ಮ ಮನೆಯವರು ತಾಳ ಕೆಳಗಿಟ್ಟರು. ಅಲ್ಲಿಂದ ಮುಂದೆ ನಲವತ್ತು ವರ್ಷ ಊರಲ್ಲಿ ಯಾರು ಹೋದರೂ ಅವರೇ ಐದೂ ನುಡಿ ಹೇಳಿ ಕಳಿಸಿದರು. ನಮ್ಮ ಮಾವನನ್ನೂ, ಅತ್ತೆಯನ್ನೂ.

ನಮ್ಮ ಮನೆಯವರು ಹೋಗುವ ಹೊತ್ತಿಗೆ ಮೇಳದಲ್ಲಿ ಯಾರೂ ಉಳಿದಿರಲಿಲ್ಲ. ಹುಡುಗರು ಧ್ವನಿವರ್ಧಕ ತಂದು ಯಾವುದೋ ಮರಾಠಿ ಅಭಂಗ ಹಚ್ಚಿದರು. ಅದನ್ನು ನಿಲ್ಲಿಸಿ ಎಂದು ನಾನೇ ಎದುರಿಗೆ ಕೂತೆ. ಹೆಂಗಸು ಹಾಡುವುದೇ ಎಂದು ಗುಸುಗುಸು ಎದ್ದಿತು, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಣ್ಣು, ಕೈ, ಹೊಲ, ಮನೆ, ನಾಲ್ಕೂ ಬಂದವು. ಐದನೆಯದು ಪೂರ್ತಿ ಗೊತ್ತಿತ್ತು. ಅವರ ಮುಖ ನೋಡಿದೆ. ಬಾಯಿಗೆ ಬರಲಿಲ್ಲ. ಮಾಸ್ತರು ಹೆಂಡತಿಯ ಮುಂದೆ ಯಾಕೆ ತಾಳ ಕೆಳಗಿಟ್ಟರು ಎಂಬುದು ಅವತ್ತು ತಿಳಿಯಿತು.

ಅಂದಿನಿಂದ ಈ ಮನೆಯ ಹೊಸ್ತಿಲನ್ನು ನಾನು ಸುಮ್ಮನೆ ದಾಟಿಲ್ಲ. ಓದಿದವಳು ನಾನು... ಇರಲಿ.

ಹೋದ ವಾರ ಬಜೆ ತೇಯುತ್ತ ಹೀಗೆ ಕೈ ನಿಲ್ಲಿಸಿ ಕೂತವಳನ್ನು ಕಂಡು ಮೊಮ್ಮಗಳು ಬಂದು ಪಕ್ಕದಲ್ಲಿ ಕೂತಳು. “ಆಯಿ, ಅಜ್ಜಾ ಹೇಳತಿದ್ದ ಆ ಪದ ನಿನಗೊಬ್ಬಾಕಿಗೆ ಪೂರಾ ಬರತೈತಂತ. ನನಗ ಕಲಸು. ಮೊಬೈಲ್‌ನಾಗ ತುಂಬಿಸ್ಕೋತೀನಿ.”

ನಾನು ಅವಳ ಮುಖ ನೋಡಿದೆ. ಕಲಿತರೆ ಮುಂದೆ ನನ್ನನ್ನು ಕಳಿಸಿಕೊಡುವವಳು ಇವಳೇ. ಹೊಸ್ತಿಲಲ್ಲಿ ಇಷ್ಟು ವರ್ಷ ನಿಂತವರಿಗೂ ಇವಳೇ ಒಂದು ಮಾತು ಹೇಳಿಯಾಳು. ನನ್ನ ಕೈಲಿ ಆಗದ್ದು ಅವಳ ಕೈಲಿ ಆದೀತು.

“ಮೊಬೈಲ್ ಒಳಗಿಡು,” ಎಂದೆ. “ಕೂಸಿನ್ನ ನಿಮ್ಮವ್ವನ ಕೈಯಾಗ ಕೊಟ್ಟು ಬಾ. ಬರೂಮುಂದ ದೇವರ ಜಗಲಿ ಮ್ಯಾಲಿನ ವಿಭೂತಿ ಗಟ್ಟಿ ತಗೊಂಡು ಬಾ.”

“ವಿಭೂತಿ ಯಾಕ ಆಯಿ?” ಎಂದಳು.

ನಾನು ಸಾಣೆಕಲ್ಲನ್ನು ಪಕ್ಕಕ್ಕೆ ಸರಿಸಿ, ಕಾಲು ಮಡಚಿ, ಗೋಡೆಗೆ ಬೆನ್ನು ಹಚ್ಚಿ ಕೂತೆ.