ಮುಳುಗಿದ ಆಮೆಗಳಿಗೆ ಸಾಕ್ಷಿ ಹುಡುಕುವ ಮಿನಾಜ

ಟಿಕೋಟಾದ ಹೊರಗೆ, ದ್ರಾಕ್ಷಿ ತೋಟಗಳ ನಡುವಿನ ಲಕ್ಕವ್ವನ ತಗಡಿನ ಮನೆಯ ಅಂಗಳದಲ್ಲಿ ಮಿನಾಜ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಾರೆ. ಇನ್ನೂ ಬೆಳಕು ಹರಿದಿಲ್ಲ. ಮಾಗಿಯ ಚಳಿ ಕೈಬೆರಳು ಕಚ್ಚುತ್ತಿದೆ. ಎದುರಿಗೆ ಕುಳಿತ ಲಕ್ಕವ್ವ ರೊಟ್ಟಿ ಬಡಿಯುತ್ತಿದ್ದಾರೆ, ತಲೆ ಎತ್ತುತ್ತಿಲ್ಲ.

"ಇವತ್ತ ಕೋರ್ಟ್ ಐತಿ, ಆಯಿ," ಎನ್ನುತ್ತಾರೆ ಮಿನಾಜ.

"ಗೊತ್ತೈತಿ."

"ಮಶಾಕ ಮಾಮಾನ ಆಟೋ ಬರ್ತೈತಿ."

"ಬರ್ಲಿ. ಬಂದಂಗ ಖಾಲಿ ಹೋಗ್ಲಿ."

ಮಿನಾಜ ಇನ್ನೊಂದು ಕಟ್ಟಿಗೆ ಒಲೆಗೆ ನೂಕುತ್ತಾರೆ. ಅವರ ಇಂದಿನ ಕೆಲಸ ಇಷ್ಟೇ: ಈ ಹೆಣ್ಣುಮಗಳನ್ನು ವಿಜಯಪುರದ ನ್ಯಾಯಾಲಯಕ್ಕೆ ಕರೆದೊಯ್ಯುವುದು. ಮೊದಲ ಸಲ ಸಮನ್ಸ್ ಬಂದಾಗ ಲಕ್ಕವ್ವ ಜೋಳದ ಹೊಲದಲ್ಲಿ ಅಡಗಿ ಕುಳಿತಿದ್ದರು. ಎರಡನೆಯ ಸಲ ಜ್ವರವೆಂದು ಕೌದಿ ಹೊದ್ದು ಮಲಗಿದ್ದರು. ಇದು ಕೊನೆಯದು. ಇವತ್ತು ಬರದಿದ್ದರೆ ನ್ಯಾಯಾಲಯ ಇವರನ್ನು ಬಿಟ್ಟು ಮುಂದೆ ಹೋಗುತ್ತದೆ. ಕಳ್ಳಸಾಗಣೆಗೆಂದು ಆಮೆಗಳನ್ನು ತಂದು ಕೊಟ್ಟವನು ಇಂಥವನೇ ಎಂದು ಕಣ್ಣಾರೆ ನೋಡಿ ಹೇಳಬಲ್ಲವರು ಲಕ್ಕವ್ವ ಒಬ್ಬರೇ. ಇವರು ಬಾಯಿ ಬಿಡದಿದ್ದರೆ ಅವನು ಮೀಸೆ ತಿರುವುತ್ತಾ ಹೊರಗೆ ಬರುತ್ತಾನೆ, ಮುಂದಿನ ಮಳೆಗಾಲಕ್ಕೆ ಮತ್ತೆ ಚೀಲ ಹಿಡಿಯುತ್ತಾನೆ.

ಮಿನಾಜ ಅವರ ಹುದ್ದೆಯ ಹೆಸರು ಅವರ ಮನೆಗಿಂತ ದೊಡ್ಡದು. ವನ್ಯಜೀವಿ ಮತ್ತು ಅರಣ್ಯ ಅಪರಾಧ ತಡೆಯುವ ಅಂತರರಾಷ್ಟ್ರೀಯ ಕಾರ್ಯಕ್ರಮದ ವ್ಯವಸ್ಥಾಪಕಿ. ಮೂರು ದೇಶಗಳಲ್ಲಿ ನಡೆಯುವ ಈ ಕಾರ್ಯಕ್ರಮದ ಇಲ್ಲಿನ ಕಚೇರಿ ಎಂದರೆ ವಿಜಯಪುರದ ಜಲನಗರದಲ್ಲಿನ ಬಾಡಿಗೆ ಮನೆಯ ಮುಂದಿನ ಕೋಣೆ. ಒಂದು ಮೇಜು, ಒಂದು ಲ್ಯಾಪ್‌ಟಾಪ್, ಅಂಗಳದಲ್ಲಿ ಬಣ್ಣ ಹೋದ ಸ್ಕೂಟಿ. ಸಮುದ್ರದಾಚೆ ಯಾವುದೋ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಡೆದು ಪ್ರಾಣಿ ಹಿಡಿದರೆ, ಅದು ಹೊರಟ ಊರನ್ನು ಹುಡುಕಬೇಕಾದವರು ಇವರು. ಅಲ್ಲಿನ ಅಧಿಕಾರಿ, ಇಲ್ಲಿನ ಅರಣ್ಯ ಇಲಾಖೆ, ಸರಕಾರಿ ವಕೀಲರು, ಹಳ್ಳಿಯ ಸಾಕ್ಷಿ, ಇವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನಡುವೆ ಓಡಾಡುವವರು ಮಿನಾಜ. ದಿನಕ್ಕೆ ಎಂಬತ್ತು, ನೂರು ಕಿಲೋಮೀಟರ್ ಸ್ಕೂಟಿ ಓಡುತ್ತದೆ. ಟಿಕೋಟಾ, ಬಬಲೇಶ್ವರ, ಅರಕೇರಿ, ಮತ್ತೆ ನಗರ.

ಹುಲಿ ಸತ್ತರೆ ಟಿವಿಯವರು ಓಡಿ ಬರುತ್ತಾರೆ. ಆಮೆ ಸತ್ತರೆ ನಾಯಿಯೂ ಮೂಸಿ ನೋಡುವುದಿಲ್ಲ. ನಮ್ಮ ಮಡ್ಡಿ ನೆಲದಲ್ಲಿ, ಕಲ್ಲು ಮುಳ್ಳಿನ ನಡುವೆ, ಹುಲ್ಲು ತಿಂದುಕೊಂಡು ಬದುಕುವ ನಕ್ಷತ್ರ ಆಮೆಯನ್ನು ಹೊರದೇಶದ ಶ್ರೀಮಂತರು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಸಾಕುತ್ತಾರೆ. ನಮ್ಮವರೇನು ಕಡಿಮೆಯಿಲ್ಲ, ಲಕ್ಷ್ಮಿ ಬರುತ್ತಾಳೆಂದು ಅಂಗಡಿಯಲ್ಲಿ ಇಡುತ್ತಾರೆ. ಕಾಲುವೆ ನೀರು ಬಂದ ಮೇಲೆ ಮಡ್ಡಿಗಳನ್ನೆಲ್ಲ ಜೆಸಿಬಿಯಿಂದ ಹರಗಿ ದ್ರಾಕ್ಷಿ ಹಚ್ಚಿದರು. ನೆಲ ಕೆದಕಿದಾಗ ಹೊರಬಿದ್ದ ಆಮೆಗಳನ್ನು ಕೂಲಿಯವರಿಂದ ಆರಿಸಿ ತರಿಸಲು ದಲ್ಲಾಳಿಗಳು ಹುಟ್ಟಿಕೊಂಡರು.

ಮಿನಾಜ ಅವರಿಗೆ ಈಗ ನಲವತ್ತೊಂದು. ತಂದೆ ಮುರ್ತುಜಾಸಾಬ ಭೂತನಾಳದ ಸಸಿ ಮಡಿಗಳಿಗೆ ನೀರು ಹೊತ್ತ ದಿನಗೂಲಿ, ನೀರು ಹೊರುತ್ತಲೇ ತೀರಿಕೊಂಡರು. ಮಗಳು ಓದಿದರು, ಹತ್ತು ವರ್ಷ ಮಹಿಳಾ ಸಂಘಗಳ ಕೆಲಸದಲ್ಲಿ ಮನೆಮನೆ ತಿರುಗಿದರು. ಮನೆಮನೆ ಗೊತ್ತಿದ್ದುದರಿಂದಲೇ ಈ ಕೆಲಸ ಸಿಕ್ಕಿತು. ಊರವರು ಇಟ್ಟ ಹೆಸರು 'ಆಮಿ ಬಾಯಿ'. ಮದುವೆಯಾಗಿಲ್ಲ. ತಾಯಿ ಸುಗರಾಬಿ ಬಂದವರ ಮುಂದೆಲ್ಲ ಆಡಿ ತೋರಿಸುತ್ತಾರೆ: "ಆಮಿಯಾದ್ರೂ ಮನಿ ಹೊತ್ಕೊಂಡ ತಿರಗ್ತೈತ್ರಿ. ಈಕಿ ಮನೀನೂ ಬಿಟ್ಟ ತಿರಗ್ತಾಳ."

ಪ್ರಕರಣ ಶುರುವಾದದ್ದು ಎರಡು ಮಳೆಗಾಲದ ಹಿಂದೆ. ಆಗ್ನೇಯ ಏಷ್ಯಾದ ಒಂದು ವಿಮಾನ ನಿಲ್ದಾಣದಲ್ಲಿ ಒಣದ್ರಾಕ್ಷಿ ಪೆಟ್ಟಿಗೆಗಳನ್ನು ತೆರೆದರು. ಮೇಲೆ ನಾಲ್ಕು ಬೆರಳು ಒಣದ್ರಾಕ್ಷಿ, ಕೆಳಗೆ ಮಕ್ಕಳ ಸಾಕ್ಸು. ಒಂದೊಂದು ಸಾಕ್ಸಿನಲ್ಲಿ ಒಂದೊಂದು ಆಮೆ, ಕಾಲು ಹೊರಗೆ ಬರದಂತೆ ಟೇಪು ಸುತ್ತಿದ್ದು. ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು. ಪೆಟ್ಟಿಗೆಯ ಮೇಲಿದ್ದ ವಿಳಾಸ ಸುಳ್ಳು. ಅಲ್ಲಿಂದ ಫೋಟೋಗಳು ಮಿನಾಜ ಅವರಿಗೆ ಬಂದವು. ಅವರು ನೋಡಿದ್ದು ಆಮೆಯನ್ನಲ್ಲ, ಸಾಕ್ಸಿನ ಬಾಯಿ ಕಟ್ಟಿದ್ದ ಸುತಳಿಯನ್ನು. ದ್ರಾಕ್ಷಿ ಬಳ್ಳಿಯನ್ನು ತಂತಿಗೆ ಕಟ್ಟುವ ಸುತಳಿ ಅದು.

ಫೋಟೋ ಹಿಡಿದುಕೊಂಡು ಅವರು ಟಿಕೋಟಾದ ತೋಟಗಳಿಗೆ ಹೋದರು. ಬಳ್ಳಿ ಕಟ್ಟುವ ಹೆಂಗಸರು ಮಧ್ಯಾಹ್ನದ ಬುತ್ತಿ ಬಿಚ್ಚಿ ಕುಳಿತಿದ್ದರು. ಈ ಗಂಟು ಯಾರದು ಎಂದು ಮಿನಾಜ ಕೇಳಿದರು. ಬಳ್ಳಿ ಬೆಳೆದಂತೆ ಸಡಿಲವಾಗಬೇಕು, ಗಾಳಿಗೆ ಬಿಚ್ಚಬಾರದು, ಅಂಥ ಗಂಟು. ಇಲ್ಲಿ ಎಲ್ಲರಿಗೂ ಬರುತ್ತದೆ. ಆದರೆ ಇದರ ಕುಣಿಕೆ ತಿರುಗುಮುರುಗಾಗಿತ್ತು. ಎಡಗೈಯವರು ಕಟ್ಟಿದ್ದು. ಸೀತವ್ವ ಎಂಬ ಹೆಂಗಸು ನೋಡಿದ್ದೇ ತಡ ಚಪ್ಪಾಳೆ ತಟ್ಟಿ ನಕ್ಕಳು: "ಏ ಲಕ್ಕವ್ವಾ, ನಿನ್ನ ಗಂಟು ವಿಮಾನ ಹತ್ತೇತಿ ನೋಡ ಬೇ! ನೀ ಇನ್ನೂ ಬಸ್ಸಿಗೇ ಅಂಜ್ತಿ!"

ಎಲ್ಲರೂ ನಕ್ಕರು. ಲಕ್ಕವ್ವ ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. "ಆಗ ನಂಗ ತಿಳೀತ್ರಿ," ಎನ್ನುತ್ತಾರೆ ಮಿನಾಜ. "ಖುಷಿ ಆಗಲಿಲ್ಲ."

ಲಕ್ಕವ್ವ ಅವತ್ತೇ ಎಲ್ಲ ಹೇಳಲಿಲ್ಲ. ಹೇಳಲು ತಿಂಗಳುಗಳು ಬೇಕಾದವು. ಬಬಲೇಶ್ವರ ಕಡೆಯ ಒಬ್ಬ ದಲ್ಲಾಳಿಯ ಒಣದ್ರಾಕ್ಷಿ ಶೆಡ್ಡಿನಲ್ಲಿ ಅವರು ಪೆಟ್ಟಿಗೆ ತುಂಬುವ ಕೆಲಸಕ್ಕಿದ್ದರು. (ಪ್ರಕರಣ ನಡೆಯುತ್ತಿರುವುದರಿಂದ ಅವನ ಹೆಸರು ಇಲ್ಲಿಲ್ಲ.) ದೊಡ್ಡ ಊರುಗಳಲ್ಲಿ ಪೂಜೆಗೆ ಒಯ್ಯುತ್ತಾರೆ ಎಂದು ಹೇಳಿ ಆಮೆಗಳನ್ನೂ ಅವನು ಇವರಿಂದಲೇ ಕಟ್ಟಿಸಿದ. ಹೊರದೇಶದಲ್ಲಿ ಮಾಲು ಸಿಕ್ಕಿಬಿದ್ದ ಸುದ್ದಿ ಬಂದಾಗ, ಉಳಿದಿದ್ದ ಆಮೆಗಳ ಚೀಲವನ್ನು ತಂದು ಇವರ ಮನೆಯಲ್ಲಿ ಒಗೆದು, ಯಾರಿಗೂ ಹೇಳಬೇಡ ಎಂದು ಹೋದ.

ಚೀಲದೊಳಗೆ ಕೆರೆಯುವ ಸಪ್ಪಳ. ಲಕ್ಕವ್ವನಿಗೆ ತಡೆಯಲಾಗಲಿಲ್ಲ. ಪಾಪದ ಜೀವ, ನೀರಿಗೆ ಬಿಟ್ಟರೆ ಪುಣ್ಯ ಬಂದೀತು ಎಂದುಕೊಂಡರು. ಟೇಪು ಬಿಚ್ಚಿ, ಅರಿಸಿನ ಕುಂಕುಮ ಹಚ್ಚಿ, ಒಂದೊಂದನ್ನೇ ತೋಟದ ಕೃಷಿ ಹೊಂಡಕ್ಕೆ ಇಳಿಸಿದರು. ಆಮೆ ಎಂದರೆ ನೀರಿನದು ಎಂದೇ ನಾವೆಲ್ಲ ತಿಳಿದಿರುವುದು. ಇದು ಒಣನೆಲದ ಆಮೆ. ಇದಕ್ಕೆ ಈಜು ಬರುವುದಿಲ್ಲ. ಹೊಂಡದ ದಂಡೆಗೆಲ್ಲ ಹಾಸಿದ್ದು ಜಾರುವ ಪ್ಲಾಸ್ಟಿಕ್ ಹಾಳೆ. ಒಂದೂ ದಂಡೆ ಹತ್ತಲಿಲ್ಲ.

ಆ ದಲ್ಲಾಳಿ ಹಿಡಿದದ್ದು ಇದನ್ನೇ. ಕೊಂದವಳು ನೀನು, ಬಾಯಿ ಬಿಟ್ಟರೆ ಮೊದಲು ಒಳಗೆ ಹೋಗುವವಳೂ ನೀನೇ ಎಂದು ಹೇಳಿ ಕಳಿಸುತ್ತಿದ್ದಾನೆ. ಹೇಳಿ ಕಳಿಸುವುದು ಯಾರ ಕೈಯಲ್ಲಿ? ಲಕ್ಕವ್ವನ ಮಗ ಸಂಗುವಿನ ಕೈಯಲ್ಲಿ. ಸಂಗು ಇನ್ನೂ ಅದೇ ಶೆಡ್ಡಿನಲ್ಲಿ ದುಡಿಯುತ್ತಾನೆ. ಹಲ್ಕಟ್ ಕೆಲಸಕ್ಕೂ ಒಂದು ಮಿತಿ ಇರಬೇಕು.

ಬೆಳಕು ಹರಿಯುವ ಹೊತ್ತಿಗೆ ಸಂಗು ಎದ್ದು ಹೊರಗೆ ಬರುತ್ತಾನೆ. ಮಿನಾಜ ಅವರನ್ನು ನೋಡಿ ಮುಖ ಗಂಟಿಕ್ಕುತ್ತಾನೆ.

"ಮತ್ತ ಬಂದ್ರೇನ್ರಿ ಮೇಡಮ್ಮಾರ? ನಿಮ್ಮ ಫಾರಿನ್ ಆಮಿಗೆ ಇರೋ ಕಿಮ್ಮತ್ತ ನಮ್ಮವ್ವಗ ಇಲ್ಲೇನ್ರಿ?"

"ಆಮಿ ಫಾರಿನ್ನಿಂದಲ್ಲೋ ತಮ್ಮಾ. ನಿಮ್ಮ ಮಡ್ಡೀದಽ ಅದು," ಎನ್ನುತ್ತಾರೆ ಮಿನಾಜ.

"ಅವ್ವನ ಒಳಗ ಹಾಕಿದ್ರ ನೀವ ಬಂದ ರೊಟ್ಟಿ ಬಡೀತೀರೇನು?"

ಲಕ್ಕವ್ವ ಈಗ ತಲೆ ಎತ್ತುತ್ತಾರೆ. "ಹಾಕಂಗಿಲ್ಲಂತ ಹೇಳ ಬೇ ಮಿನಾಜಾ. ನೀ ಅಲ್ಲಾನ ಆಣಿ ಮಾಡಿ ಹೇಳ. ಬರ್ತೇನಿ."

ಒಂದು ಆಣೆ ಮಾಡಿದ್ದರೆ ಕೆಲಸ ಮುಗಿಯುತ್ತಿತ್ತು. ಬೇರೆಯವರಾಗಿದ್ದರೆ ಮಾಡುತ್ತಿದ್ದರು. ಮಿನಾಜ ಮಾಡುವುದಿಲ್ಲ. "ಆಣಿ ಮಾಡಂಗಿಲ್ಲ, ಆಯಿ. ಸಾಕ್ಷಿಯಾಗಿ ಹೇಳಿದ್ದಕ್ಕ ಹಿಡಿಯಂಗಿಲ್ಲ ಅಂತ ಸರಕಾರಿ ವಕೀಲ್ರು ಅಂದಾರ. ಅವರು ಅಂದದ್ದ ಹೇಳಾಕತ್ತೇನಿ. ನನ್ನ ಕೈಯಾಗ ಏನೂ ಇಲ್ಲ. ನೀ ಹೇಳೂ ಮುಂದ ನಿನ್ನ ಕಣ್ಣಿಗೆ ಕಾಣುವಂಗ ನಿಂತಿರ್ತೇನಿ."

ಸಂಗು ನಗುತ್ತಾನೆ. "ಕೇಳಿದೇನ ಬೇ ಯವ್ವಾ? ನಿಂತಿರ್ತಾರಂತ!"

ಲಕ್ಕವ್ವ ಹಂಚು ಇಳಿಸುತ್ತಾರೆ. ಕೈ ತೊಳೆದು ಒಳಗೆ ಹೋಗಿ, ಒಗೆದ ಸೀರೆ ಉಟ್ಟು ಬರುತ್ತಾರೆ. ಮಗನ ಕಡೆ ನೋಡದೆ ಹೇಳುತ್ತಾರೆ: "ಸುಳ್ಳ ಹೇಳಿ ಕರದಿದ್ರ ಹೋಗ್ತಿರಲಿಲ್ಲ. ರೊಟ್ಟಿ ಅದಾವ, ಉಣ್ಣು."

ಆಟೋದಲ್ಲಿ ಮಶಾಕಸಾಬ ಒಬ್ಬರೇ ಮಾತಾಡುತ್ತಾರೆ. ಸಾಕ್ಷಿಗಳನ್ನು ಕರೆದೊಯ್ದು ಅವರಿಗೂ ರೂಢಿಯಾಗಿದೆ. "ಲಕ್ಕವ್ವಾ, ಜಡ್ಜ್ ಸಾಹೇಬ್ರ ಮುಂದ ಎಲಿ ಅಡಕಿ ಹಾಕ್ಕೋಬ್ಯಾಡ ಮತ್ತ. ಹೋದ ಸಲ ಒಬ್ಬಾಂವ ಉಗಳಾಕ ಜಾಗ ಸಿಗದ, ಕೇಳಿದ್ದಕ್ಕೆಲ್ಲಾ ತಲಿ ಆಡಿಸಿ ಒಪ್ಪಿಕೊಂಡ ಬಂದಾನ." ಲಕ್ಕವ್ವ ನಗುವುದಿಲ್ಲ. ಅಥಣಿ ರಸ್ತೆಯ ಧೂಳು ಒಳಗೆ ಬರುತ್ತದೆ. ನಗರ ಬರುವವರೆಗೂ ಅವರು ಮಿನಾಜ ಅವರ ಬುರ್ಖಾದ ಚುಂಗನ್ನು ಹಿಡಿದೇ ಕುಳಿತಿದ್ದಾರೆ.

ನ್ಯಾಯಾಲಯದಲ್ಲಿ ಕಾಯುವುದೇ ಅರ್ಧ ದಿನ. ಊಟದ ಹೊತ್ತು ಕಳೆದ ಮೇಲೆ ಕೂಗು ಬೀಳುತ್ತದೆ. ಸರಕಾರಿ ವಕೀಲರ ಪ್ರಶ್ನೆಗಳಿಗೆ ಲಕ್ಕವ್ವ ಸಣ್ಣ ದನಿಯಲ್ಲಿ ಉತ್ತರಿಸುತ್ತಾರೆ. ಆಮೇಲೆ ಆರೋಪಿ ಪರ ವಕೀಲರು ಏಳುತ್ತಾರೆ.

"ಆಮೆ ನೀರಲ್ಲಿ ಮುಳುಗಿ ಸತ್ತವೇ?"

ಹಿಂದೆ ಕುಳಿತವರು ನಗುತ್ತಾರೆ.

"ನಂಗೂ ಗೊತ್ತಿರಲಿಲ್ರಿ ಸಾಹೇಬ್ರ. ಗೊತ್ತಿದ್ರ ಹಾಕ್ತಿದ್ನೇನ್ರಿ? ಸಂಜೀಕ ಹೋಗಿ ನೋಡ್ದೆ. ಕೈಕಾಲ ಬಡ್ಕೋತ ಪ್ಲಾಸ್ಟಿಕ್ ಕೆರಿಯಾಕತ್ತಿದ್ವು. ಆಡಾಕತ್ತಾವ ಅಂತ ತಿಳಕೊಂಡೆ. ಒಂದ ಹಿಡಿ ಸೊಪ್ಪ ಒಗದ ಬಂದೆ. ಮುಂಜಾನೆ ಹೋದ್ರ ಎಲ್ಲಾ ತೇಲಾಕತ್ತಿದ್ವು."

ಟೈಪು ಮಾಡುವವರಿಗೆ ಸಿಗಲಿಲ್ಲ, ಇನ್ನೊಮ್ಮೆ ನಿಧಾನವಾಗಿ ಹೇಳಿ ಎಂದು ನ್ಯಾಯಾಧೀಶರು ಹೇಳುತ್ತಾರೆ. ಲಕ್ಕವ್ವ ಅದನ್ನೆಲ್ಲ ಇನ್ನೊಮ್ಮೆ ಹೇಳುತ್ತಾರೆ. ಒಂದೊಂದು ಮಾತಿಗೆ ನಿಂತು, ಟೈಪಿನ ಸಪ್ಪಳ ಮುಗಿಯುವವರೆಗೆ ಕಾದು. ಗೋಡೆಯ ಬದಿ ಮಿನಾಜ ನಿಂತೇ ಇದ್ದಾರೆ.

"ಅಂದರೆ ಕೊಂದವರು ನೀವೇ?"

"ಹೌದ್ರಿ. ನಾನ ಕೊಂದಾಕಿ. ಅದರ ಪಾಪ ನಂದು. ಆದ್ರ ಚೀಲ ತಂದ ನನ್ನ ಮನ್ಯಾಗ ಒಗದಾಂವ ಅಲ್ಲಿ ಕುಂತಾನ ನೋಡ್ರಿ, ಬಿಳಿ ಅಂಗಿ."

ಎಡಗೈ ಎತ್ತಿ ತೋರಿಸುತ್ತಾರೆ. ಬಿಳಿ ಅಂಗಿಯವನು ಮೊಬೈಲ್ ಜೇಬಿಗಿಟ್ಟು ನೆಲ ನೋಡುತ್ತಾನೆ.

ಲಕ್ಕವ್ವನನ್ನು ಯಾರೂ ಹಿಡಿಯಲಿಲ್ಲ. ಆದರೆ ಅವರಿನ್ನೂ ನ್ಯಾಯಾಲಯದ ಮೆಟ್ಟಿಲ ಮೇಲಿರುವಾಗಲೇ ಮಿನಾಜ ಅವರ ಫೋನು ಬಡಿದುಕೊಳ್ಳುತ್ತದೆ. ಸಂಗು. ಶೆಡ್ಡಿನಿಂದ ಅವನನ್ನು ಹೊರಗೆ ಹಾಕಿದ್ದಾರೆ. ಸುತ್ತಲಿನ ಯಾವ ಶೆಡ್ಡಿನವರೂ ಇಟ್ಟುಕೊಳ್ಳಬಾರದೆಂದು ಹೇಳಿಯೂ ಆಗಿದೆ. ಅವನು ಬೈಯುತ್ತಾನೆ. ಬರೆಯಲು ಬಾರದ ಬೈಗುಳ. ಮಿನಾಜ ಫೋನು ಇಡುವುದಿಲ್ಲ. ಅವನು ಬೈದು ಸುಸ್ತಾಗುವವರೆಗೆ ಕೇಳುತ್ತಾರೆ.

"ಬೈಲಿ ಬಿಡ್ರಿ," ಎನ್ನುತ್ತಾರೆ ಆಮೇಲೆ. "ಆ ದಲ್ಲಾಳಿಗೆ ಬಯ್ಯಾಕ ಅವಂಗ ಧೈರ್ಯ ಇಲ್ಲ. ಯಾರಿಗರೆ ಬಯ್ಯಬೇಕಲ್ಲ."

ಮೂರು ದೇಶಗಳ ಈ ಕಾರ್ಯಕ್ರಮದಲ್ಲಿ ಕೆಲಸ ಕಳಕೊಂಡ ಸಾಕ್ಷಿಯ ಮಗನಿಗೆ ಏನು ಮಾಡಬೇಕೆಂದು ಯಾರೂ ಯೋಚಿಸಿಲ್ಲ. ಸಂಜೆ ವಿಡಿಯೋ ಸಭೆಯಲ್ಲಿ ಮಿನಾಜ ಅದನ್ನೇ ಎತ್ತುತ್ತಾರೆ. ಅಲ್ಲಿಂದ ಅಭಿನಂದನೆ ಬರುತ್ತದೆ, ಸಾಕ್ಷಿ ಗಟ್ಟಿಯಾಗಿ ನಿಂತದ್ದು ಬಹಳ ಒಳ್ಳೆಯದಾಯಿತಂತೆ. ಸಂಗುವಿನ ವಿಷಯ ಮುಂದಿನ ಸಭೆಗಂತೆ. ಬದುಕಿ ಉಳಿದ ಆಮೆಗಳು ಇನ್ನೂ ಆ ಹೊರದೇಶದ ಪ್ರಾಣಿಸಂಗ್ರಹಾಲಯದಲ್ಲೇ ಇವೆ. ಅವನ್ನು ಮರಳಿ ತರುವ ಮಾತೂ ಮುಂದಿನ ಸಭೆಗೇ. ಎಸಿ ಕೋಣೆಯಲ್ಲಿ ಕುಳಿತವರಿಗೆ ಮುಂದಿನ ಸಭೆ ಎಂಬುದು ಎಷ್ಟು ಸಲೀಸು!

ಮಾರನೆಯ ದಿನದಿಂದ ಮಿನಾಜ ಅರಕೇರಿ, ಭೂತನಾಳ ಕಡೆ ಸಂಗುವಿಗೆ ಕೆಲಸ ಕೇಳುತ್ತಾ ತಿರುಗುತ್ತಿದ್ದಾರೆ. ಇದು ಅವರ ಕೆಲಸವಲ್ಲ, ಇದಕ್ಕೆ ಪೆಟ್ರೋಲು ಭತ್ಯೆ ಇಲ್ಲ. ಇನ್ನೂ ಯಾರೂ ಹೂಂ ಅಂದಿಲ್ಲ. ತೀರ್ಪು ಬರಲು ಎಷ್ಟು ಕಾಲ ಬೇಕೋ, ಏನು ಬರುತ್ತದೋ ಅವರಿಗೂ ಗೊತ್ತಿಲ್ಲ. ಆ ದಲ್ಲಾಳಿಗೆ ಶಿಕ್ಷೆಯಾಗಬೇಕೆಂಬ ಆಸೆ ಇಲ್ಲವೇ ಎಂದು ಕೇಳಿದರೆ ಸ್ಕೂಟಿಯ ಕಿಕ್ ಹೊಡೆಯುತ್ತಾ ಹೇಳುತ್ತಾರೆ:

"ಆಗ್ಲಿ ಅಂತೇನಿ. ಅದು ಜಡ್ಜ್ ಸಾಹೇಬ್ರ ಕೈಯಾಗಿಂದು. ನಂದ ಸಣ್ಣ ಆಸೆ ಐತ್ರಿ. ಇವತ್ತ ಟಿಕೋಟಾಕ ಹೊಂಟೇನಿ. ಲಕ್ಕವ್ವ ಆಯಿ ನನ್ನ ನೋಡಿ ಬಾಗಿಲಾ ಹಾಕ್ಕೋಬಾರದು, ಅಷ್ಟ."