ಬಿಲ್ಡ್ ಬಿದ್ದಾಗಲೆಲ್ಲ ಬಂಗ್ಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕುಂದಾಪುರದ ಒಂದು ಕೇರಿಯ ಹೆಂಗಸರು ವಾರವಿಡೀ ಪಾತ್ರೆ ಹಿಡಿದು ಗೇಟಿಗೆ ಬಂದು, ಮೀನು ಕಾಣದೆ ಒಳಗೆ ಹೋದದ್ದು ನನ್ನಿಂದ. ಆಮೇಲೆ ಒಂದೊಂದೇ ಗೇಟಿಗೆ ಹೋಗಿ ತಪ್ಪು ಹೇಳಿಕೊಂಡು ಬಂದೆ. ಮೀನಿನಾಸೆಗೆ ಅವರ ಹಿಂದೆಯೇ ಬಂದಿದ್ದ ಬೆಕ್ಕುಗಳಿಗೆ ಮಾತ್ರ ಹೇಳಲಾಗಲಿಲ್ಲ. ಅವು ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತವೆ.

ಸ್ಮಾರ್ಟ್‌ಫೋನ್ ಇನ್ನೂ ಎಲ್ಲರ ಕಿಸೆಗೆ ಬಂದಿರದ ಕಾಲ. ನಾನೂ, ಬೈಂದೂರಿನಿಂದ ದಿನಾ ಬಸ್ಸಿನಲ್ಲಿ ಬರುವ ನನ್ನ ಗೆಳೆಯನೂ ಆ ಕೇರಿಯಲ್ಲೊಂದು ಮಾಳಿಗೆ ಕೋಣೆ ಹಿಡಿದು, ಬ್ರಹ್ಮಾವರದ ಒಂದು ಮದುವೆ ಹಾಲಿಗೆ ಬುಕಿಂಗ್ ಪ್ರೋಗ್ರಾಂ ಬರೆಯುತ್ತಿದ್ದೆವು. ಒಂದೇ ಮುಹೂರ್ತಕ್ಕೆ ಎರಡು ದಿಬ್ಬಣ ಬಂದಿಳಿಯಬಾರದು, ಅಷ್ಟೇ ಅವರ ಬೇಡಿಕೆ. ಅದಕ್ಕೆ ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಯೇ ಆಗಬೇಕೆಂದು ಗೆಳೆಯನ ಹಟ. ಊರಲ್ಲಿ ಹ್ಯಾಸ್ಕೆಲ್ ಬರೆಯುತ್ತಿದ್ದವರು ನಾವಿಬ್ಬರೇ. ಅದು ಬರುತ್ತಿದ್ದದ್ದು ಒಬ್ಬನಿಗೆ, ನನಗಲ್ಲ.

ನನಗೆ ಬರುತ್ತಿದ್ದದ್ದು ಅಣಕ. ಮನೆಯೊಡೆಯರ ಕೆಮ್ಮು, ಗೆಳೆಯನ ನಡಿಗೆ, ನನ್ನದೇ ಪೆದ್ದು ನಗು, ಯಾವುದನ್ನೂ ಬಿಡುತ್ತಿರಲಿಲ್ಲ.

ಗೆಳೆಯ ಮೂಲೆಯಲ್ಲೊಂದು ಹಳೆಯ ಕಂಪ್ಯೂಟರ್ ಇಟ್ಟ. ನಾವು ಬರೆದದ್ದನ್ನು ಅದಕ್ಕೆ ಕಳಿಸಿದರೆ ಸಾಕು. ಅದೇ ಎಲ್ಲ ಜೋಡಿಸಿ, ಪರೀಕ್ಷಿಸಿ, ಪಾಸೋ ಫೇಲೋ ಹೇಳಬೇಕು. ಆ ಕೆಲಸಕ್ಕೆ ಬಿಲ್ಡ್ ಎಂದು ಹೆಸರು. ಒಂದೊಂದು ಬಿಲ್ಡಿಗೆ ಅರ್ಧ ಗಂಟೆ. ಅಷ್ಟು ಹೊತ್ತು ಪರದೆ ನೋಡುತ್ತ ಕೂರುವ ಬದಲು ಎದುರಿನ ಹೋಟೆಲಿನಲ್ಲಿ ಚಾ ಕುಡಿಯಬಹುದಲ್ಲ? ಫಲಿತಾಂಶ ಅಲ್ಲಿಗೇ ಕೇಳಲೆಂದು ಸ್ಪೀಕರನ್ನು ಕಿಟಕಿಯಲ್ಲಿ ಬೀದಿಗೆ ಮುಖಮಾಡಿ ಇಟ್ಟೆ. ಪಾಸಾದರೆ ಬೈಂದೂರು ಬಸ್ಸಿನ ಕಂಡಕ್ಟರನ ಸ್ವರ: "ಹೋಪಾ... ರೈಟ್!" ಫೇಲಾದರೆ, ದಿನಾ ಕೋಡಿಯಿಂದ ಬುಟ್ಟಿ ಹೊತ್ತು ಬರುವ ಮೀನಿನ ಅಕ್ಕನ ಸ್ವರ: "ಹ್ವಾಯ್, ಬಂಗ್ಡಿ ಇತ್ತೇ... ಬಂಗ್ಡೀ!" ಎರಡೂ ಮೊದಲೇ ರೆಕಾರ್ಡ್ ಮಾಡಿಟ್ಟ ನನ್ನದೇ ಗಂಟಲು.

ಮೂರು ವಾರದಲ್ಲಿ ಬಸ್ಸು ಹೊರಟದ್ದು ಎರಡು ಸಲ. ಬಂಗ್ಡಿ ದಿನಕ್ಕೆ ಐದಾರು ಸಲ ಬಂತು.

ತಪ್ಪು ಯಾವಾಗಲೂ ಒಂದೇ. ಹ್ಯಾಸ್ಕೆಲಿನಲ್ಲಿ 'ಮೇಬಿ' ಎಂಬುದೊಂದಿದೆ. ಮುಚ್ಚಿದ ಡಬ್ಬಿಯಂಥದ್ದು, ಒಳಗೆ ಇರಬಹುದು, ಇಲ್ಲದೆಯೂ ಇರಬಹುದು. ಮದುಮಗನ ಫೋನ್ ನಂಬರು ಇದ್ದೀತು, ಬರೆಸದೆಯೂ ಹೋಗಿದ್ದಾರು. ನಾನು ಇದ್ದೇ ಇದೆ ಎಂದು ಬರೆದು ಕಳಿಸುತ್ತಿದ್ದೆ. ಕಳಿಸುವ ಮೊದಲು ನನ್ನ ಕಂಪ್ಯೂಟರಿನಲ್ಲಿ ಒಮ್ಮೆ ಓಡಿಸಿ ನೋಡಬಹುದಿತ್ತು. ಆದರೆ ನೋಡುವುದಕ್ಕೇ ಒಂದು ಯಂತ್ರ ಇರುವಾಗ ನಾನೇಕೆ ನೋಡಲಿ?

ಇಂಟರ್‌ನೆಟ್ಟಿನಲ್ಲಿ ಹ್ಯಾಸ್ಕೆಲ್ ಮಂದಿಯ ಕೂಟವೊಂದಕ್ಕೆ ಪ್ರಶ್ನೆ ಹಾಕಿದೆ: ಇದ್ದರೂ ಇರಬಹುದು ಎಂಬುದರೊಳಗಿಂದ ಇದ್ದದ್ದನ್ನು ಹೊರಗೆ ತೆಗೆಯುವುದು ಹೇಗೆ? ನಮ್ಮೂರಲ್ಲಿ ದಾರಿ ಕೇಳಿದ ಹಾಗಾಯಿತು. ಇಲ್ಲಿ ಮೊದಲು 'ನೀವ್ ಯಾರ್ ಮನಿಯವ್ರ್?' ಎನ್ನುತ್ತಾರೆ, ಅಲ್ಲೊಬ್ಬ ನನ್ನ ಕಂಪೈಲರ್ ಯಾವ ಆವೃತ್ತಿಯದು ಎಂದು ವಿಚಾರಿಸಿದ. ಇನ್ನೊಬ್ಬ ಆ ದಾರಿಗೇ ಹೋಗಬೇಡ ಎಂದ. ಮೂರನೆಯವನು ಎರಡು ಪುಟ ಗಣಿತ ಬರೆದ. ಅದನ್ನು ಮದುವೆ ಮಂಟಪದ ಭಟ್ಟರ ರಾಗದಲ್ಲಿ ಗೆಳೆಯನಿಗೆ ಓದಿ ಹೇಳಿದೆ. ಅವನು ನಗಲಿಲ್ಲ. "ಅವ್ರ್ ಸರಿಯಾಗೇ ಬರ್ದಿದ್ರ್ ಮಾರಾಯಾ," ಎಂದ.

ಅತ್ತ ಕೇರಿಯ ಹೆಂಗಸರು ಒಂದು ವಾರ ಮೋಸ ಹೋಗಿ, ಆಮೇಲೆ ಆ ಕೂಗಿಗೆ ಹೊರಗೆ ಬರುವುದನ್ನೇ ಬಿಟ್ಟರು. ನಿಜವಾದ ಅಕ್ಕ ಬಂದು ಕೂಗಿದರೂ ಗೇಟು ತೆರೆಯಲಿಲ್ಲ. ಮೀನು ಬಿಸಿಲಿಗೆ ಬುಟ್ಟಿಯಲ್ಲೇ ಮೆತ್ತಗಾಗತೊಡಗಿತು.

ಒಂದು ಬೆಳಿಗ್ಗೆ ನಾನು ಚಾ ಕುಡಿಯುತ್ತಿದ್ದಾಗ ಅಕ್ಕ ಹೋಟೆಲಿನ ಮೆಟ್ಟಿಲ ಹತ್ತಿರ ನಿಂತಳು.

"ಹ್ವಾಯ್, ನನ್ನ ಕೇರಿಗೆ ಬೇರೆ ಯಾರೋ ಹೆಂಗ್ಸ್ ಮೀನ್ ತಕಂಡ್ ಬತ್ಲ್ ಅಂಬ್ರಲೆ. ನೀವ್ ಕಂಡ್ರ್ಯಾ?"

ಹೇಳಿಬಿಡಬೇಕಿತ್ತು. ನಾಲಗೆ ಕೇಳಲಿಲ್ಲ. "ಕಂಡೆ ಅಕ್ಕಾ. ದಪ್ಪ ಹೆಂಗ್ಸ್. ಸ್ವರ ಮಾತ್ರ ಥೇಟ್ ನಿಮ್ದೇ."

"ಸಿಕ್ಲಿ ಅವ್ಳ್," ಎಂದಳು. ಮತ್ತೆ ಸ್ವರ ಇಳಿಸಿ, "ಈ ಕೇರಿ ಹೋದ್ರೆ ನಾ ಎಲ್ಲಿಗ್ ಹೋಪ್ದ್, ಹೇಳಿ?"

ಚಾ ಲೋಟ ಅರ್ಧಕ್ಕೇ ಕೆಳಗಿಟ್ಟೆ. ಈಗಲೇ ಮೇಲೆ ಹೋಗಿ ಆ ಸ್ವರ ಅಳಿಸಬೇಕು ಎಂದು ಎದ್ದೆ. ಆದರೆ ಚಾಕ್ಕೆ ಇಳಿಯುವ ಮೊದಲು ಒಂದು ಬಿಲ್ಡ್ ಕಳಿಸಿ ಬಂದದ್ದು ಮರೆತೇಹೋಗಿತ್ತು. ಕಿಟಕಿ ಕೂಗಿತು: "ಹ್ವಾಯ್, ಬಂಗ್ಡಿ ಇತ್ತೇ..."

ಅಕ್ಕ ತಲೆಯೆತ್ತಿ ನೋಡಿದಳು. ಬುಟ್ಟಿಯ ಸಮೇತ ರಸ್ತೆ ದಾಟಿ, ಮಾಳಿಗೆ ಮೆಟ್ಟಿಲು ಹತ್ತಿದಳು. ನಾನು ಹಿಂದಿನಿಂದ ಓಡಿದೆ. ಕೋಣೆಯಲ್ಲಿ ಇದ್ದದ್ದು ಗೆಳೆಯ ಒಬ್ಬನೇ.

"ಎಲ್ಲಿದ್ಲ್ ಅವ್ಳ್?"

ಗೆಳೆಯ ಮೂಲೆಯ ಕಂಪ್ಯೂಟರ್ ತೋರಿಸಿದ. "ಅದ್ ಕೂಗುದ್ ಅಕ್ಕಾ. ಬರ್ದದ್ ತಪ್ಪಿದ್ರೆ ಕೂಗತ್ತ್."

"ಬರ್ದದ್ ಯಾರ್?"

ಅವನ ಬೆರಳು ನನ್ನ ಕಡೆ ತಿರುಗಿತು.

"ಸ್ವರ ಯಾರ್ದ್?"

ಬೆರಳು ಕದಲಲಿಲ್ಲ. ಇಂಥವನ ಜೊತೆ ಮೂರು ವರ್ಷದ ಸ್ನೇಹ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೆಳಗೆ ಹೋಟೆಲಿನ ಹತ್ತಿರ 'ನೀವ್' ಆಗಿದ್ದವನು ಮೆಟ್ಟಿಲು ಹತ್ತುವುದರೊಳಗೆ 'ನೀ' ಆಗಿದ್ದೆ.

"ಕಳ್ಸುಕ್ ಮುಂಚೆ ಒಂದ್ ಸಲ ಕಾಂಬುದಿಲ್ಯಾ ನೀ?"

"ಯಂತ್ರ ಕಾಣತ್ತಲ್ದಾ ಅಕ್ಕಾ," ಎಂದೆ. ನನ್ನದೇ ಸ್ವರದಲ್ಲಿ, ಆಗ ಬೇರೆ ಯಾರ ಸ್ವರವೂ ಬರಲಿಲ್ಲ.

ಅವಳು ಬುಟ್ಟಿಯನ್ನು ನನ್ನ ಮೇಜಿನ ಮೇಲೇ ಇಳಿಸಿ, ಮುಚ್ಚಿದ್ದ ಗೋಣಿ ಸರಿಸಿದಳು.

"ಕಾಣ್ ಮಗಾ. ನಾ ಬುಟ್ಟಿ ಕಂಡ್ಕಂಡ್ ಕೂಗುದ್. ಕೂಗಿ ಆದ್ಮೇಲ್ ಬುಟ್ಟಿ ಕಾಂಬವ ಈ ಊರಿಗ್ ನೀ ಒಬ್ನೇ."