ಗಗನಯಾತ್ರಿಯ ಅಂಗಿಗೆ ನಾಲ್ಕು ಕಾಳು ಮಂಡಕ್ಕಿ

ಬೆಳಗಿನ ಐದೂಮುಕ್ಕಾಲು. ಹರಿಹರದ ಹೊಳೆದಂಡೆಯಲ್ಲಿ ಗುಲ್ನಾಜ್ ಹೊಚ್ಚಹೊಸ ಬೂದುಬಣ್ಣದ ಬಟ್ಟೆಯೊಂದನ್ನು ಕಲ್ಲಿಗೆ ಬಡಿಯುತ್ತಿದ್ದಾರೆ. ಶುಚಿ ಮಾಡಲು ಅಲ್ಲ, ಹಳೆಯದು ಮಾಡಲು. ನೆನೆಸುತ್ತಾರೆ, ಮಣ್ಣು ಸವರುತ್ತಾರೆ, ಉಜ್ಜುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ. ಪಕ್ಕದಲ್ಲಿ ಒಗೆಯುತ್ತಿದ್ದ ಹೆಂಗಸಿಗೆ ನಗು ತಡೆಯುವುದಿಲ್ಲ.

“ಯಕ್ಕಾ, ಎಲ್ರೂ ಕೊಳೆ ತೆಗಿಯಾಕೆ ಬರ್ತಾರೆ, ನೀ ಹಚ್ಚಾಕೆ ಬಂದೀಯಲ್ಲ!”

“ಇದು ಬ್ಯಾರೆ ಲೋಕದ ಧೂಳು ತಂಗಿ. ಅಷ್ಟು ಸುಲಭಕ್ಕೆ ಹತ್ತಲ್ಲ,” ಎನ್ನುತ್ತಾರೆ ಗುಲ್ನಾಜ್. ಆಕೆಗೆ ಏನು ಅರ್ಥವಾಯಿತೋ, ತನ್ನ ಒರಟು ಕಲ್ಲನ್ನು ಬಿಟ್ಟುಕೊಟ್ಟು ಅತ್ತ ಸರಿದು ಕೂರುತ್ತಾಳೆ.

ದಾವಣಗೆರೆಯ ವಿನೋಬನಗರದ ಗುಲ್ನಾಜ್‌ಗೆ ಈಗ ಐವತ್ತಾರು. ಕಸುಬು ಕೌದಿ ಹೊಲಿಯುವುದು. ಹರಿಹರದ ಹೊರಗಿನ ಹಳೇ ಗೋದಾಮಿನಲ್ಲಿ ‘ಏಳನೇ ಕಕ್ಷೆ’ ಎಂಬ ವೈಜ್ಞಾನಿಕ ಧಾರಾವಾಹಿಯ ಚಿತ್ರೀಕರಣ ನಡೆಯುತ್ತದೆ. ಅದರಲ್ಲಿ ಆರು ಗಗನಯಾತ್ರಿಗಳು ತೊಡುವ, ಕತ್ತಿನಿಂದ ಪಾದದವರೆಗೆ ಒಂದೇ ಆಗಿರುವ ದಪ್ಪ ಅಂಗಿಗಳು ಇವರು ಹೊಲಿದವು. ಮೇಲೆ ಬೂದು ಬಟ್ಟೆ, ಒಳಗೆ ಹಳೇ ಸೀರೆಗಳ ನಾಲ್ಕು ಪದರ. ಹೊಲಿಗೆ ಅಪ್ಪಟ ಕೌದಿಯದು. ಒಂದು ಅಂಗಿಗೆ ಸುಮಾರು ಒಂಬತ್ತು ಸಾವಿರ ಹೊಲಿಗೆ.

ಮೊದಲ ಸೀಸನ್ ಮುಗಿದದ್ದು ಅಪರಿಚಿತ ಗ್ರಹದಲ್ಲಿಳಿದ ನೌಕೆಯ ಬಾಗಿಲು ತೆರೆಯುವಲ್ಲಿಗೆ. ಎರಡನೆಯದು ಶುರುವಾಗುವುದೂ ಅದೇ ಬಾಗಿಲಿನಿಂದ. ಕಥೆಯೊಳಗೆ ಒಂದು ಕ್ಷಣ, ಹೊರಗೆ ಹದಿನಾಲ್ಕು ತಿಂಗಳು. ಹಾಗಾಗಿ ಅಂಗಿಗಳೂ ಅವೇ ಆಗಿರಬೇಕು, ಒಂದು ಕಲೆ ಕೂಡ ಹೆಚ್ಚುಕಡಿಮೆ ಆಗುವಂತಿಲ್ಲ.

ಒಂಬತ್ತು ದಿನದ ಹಿಂದೆ ಟ್ರಂಕು ತೆಗೆದಾಗ ಆರೂ ಅಂಗಿಗಳನ್ನು ಇಲಿ ಕಡಿದಿತ್ತು. ವಿಚಿತ್ರವೆಂದರೆ, ಆರರಲ್ಲೂ ಒಂದೇ ಜಾಗದಲ್ಲಿ, ಎಡಗಾಲಿನ ಅಂಚಿನಿಂದ ಮೊಣಕಾಲಿನವರೆಗೆ. ತಪ್ಪು ನೇರವಾಗಿ ಹೋಗಿ ನಿಂತದ್ದು ಕಾವಲುಗಾರ ಕೆಂಚವೀರಪ್ಪನವರ ಮೇಲೆ. ನಾಳೆಯಿಂದ ಬರಬೇಡಿ ಎಂದು ಮ್ಯಾನೇಜರ್ ಹೇಳಿಯೂ ಬಿಟ್ಟರು. ಅರವತ್ತೆಂಟರ ಆ ಹಿರಿಯರು ಟಾರ್ಚು, ಬೀಗದ ಕೈ ಮೇಜಿನ ಮೇಲಿಟ್ಟರು.

ಗುಲ್ನಾಜ್ ಅಲ್ಲೇ ಇದ್ದರು. ಏಕೆ ಅದೇ ಜಾಗ ಎಂಬುದು ಅವರೊಬ್ಬರಿಗೇ ಗೊತ್ತಿತ್ತು. ಹೇಳಿದರೆ ಎರಡನೇ ಸೀಸನ್ನಿನ ಕೆಲಸ ಹೋಗಬಹುದು ಎಂಬುದೂ ಗೊತ್ತಿತ್ತು.

“ಅಣ್ಣಾರದ್ದು ತಪ್ಪಿಲ್ರಿ. ಇಲಿ ಕರೆದೋಳು ನಾನೇ. ಆರರಾಗೂ ಎಡಗಾಲಿನ ಅಂಚಿನಾಗೆ ಮಂಡಕ್ಕಿ ಇಟ್ಟು ಹೊಲ್ದಿದ್ದೆ,” ಎಂದರು.

ಆ ಮಂಡಕ್ಕಿಯ ಬೇರು ದಾವಣಗೆರೆಯ ಆನೆಕೊಂಡದಲ್ಲಿದೆ. ಮದುವೆಯಾಗಿ ಬಂದ ಹೊಸತರಲ್ಲಿ ಗುಲ್ನಾಜ್ ಅಲ್ಲಿ ಬಾಡಿಗೆಗಿದ್ದರು. ಸೂಜಿ ಹಿಡಿಯುವುದನ್ನು ಕಲಿಸಿದವರು ಪಕ್ಕದ ಮನೆಯ ಕಸ್ತೂರಮ್ಮ. “ಕೊನೆ ಮೂಲೆ ಮುಚ್ಚೋ ಮುಂಚೆ ಕೌದಿ ಹೊಟ್ಟೆ ತುಂಬಿಸ್ಬೇಕವ್ವಾ. ಹಸಿದ ಕೌದಿ ಯಾರನ್ನೂ ಬೆಚ್ಚಗಿಡಲ್ಲ” ಎಂದು ರೊಟ್ಟಿಯ ಚೂರನ್ನೋ ನಾಲ್ಕು ಕಾಳು ಮಂಡಕ್ಕಿಯನ್ನೋ ಒಳಗಿಟ್ಟು ಹೊಲಿಯುತ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ ಗುಲ್ನಾಜ್‌ರನ್ನು ನಿಲ್ಲಿಸಿದ್ದು ಆ ಸೂಜಿಯೇ. ಕಲಿಸಿದವರ ಮಾತನ್ನು ಅವರು ಒಂದು ಕೌದಿಗೂ ತಪ್ಪಿಸಿದವರಲ್ಲ. ಆದರೆ ಕೌದಿಯನ್ನು ದಿನಾ ಕೊಡವುತ್ತಾರೆ, ಬಿಸಿಲಿಗೆ ಹಾಕುತ್ತಾರೆ. ಈ ಅಂಗಿಗಳು ಹದಿನಾಲ್ಕು ತಿಂಗಳು ಟ್ರಂಕಿನಲ್ಲೇ ಇದ್ದವು.

ಮ್ಯಾನೇಜರ್ ಕೂಗಾಡಿದರು. ಉಡುಪಿನ ಹೊಣೆ ಹೊತ್ತ ಅಂಕಿತಾ ಮಾತ್ರ ಮೊದಲು ಒಂದು ಸ್ಟೂಲು ಎಳೆದು ಗುಲ್ನಾಜ್‌ರನ್ನು ಕೂರಿಸಿದರು. ಆಮೇಲೆ ಹೇಳಿದರು: “ಒಂಬತ್ತು ದಿನ ಟೈಮ್ ಇದೆ ಅಮ್ಮಾ. ಆಗಲಿಲ್ಲ ಅಂದ್ರೆ ಹೊರಗಿಂದ ಬೇರೆ ತರಿಸ್ತಾರೆ. ನಾನೇನೂ ಮಾಡಕ್ಕಾಗಲ್ಲ.”

ಅಂದಿನಿಂದ ದಿನಕ್ಕೆ ಹನ್ನೆರಡು ಗಂಟೆ ಕೆಲಸ. ದಾವಣಗೆರೆಯಿಂದ ಮೊದಲ ಬಸ್ಸು. ಕೈಯಲ್ಲಿನ ಬಟ್ಟೆ ಗಂಟು ನೋಡಿದ ಕಂಡಕ್ಟರು ಕೇಳದೆಯೇ ಮುಂದಿನ ಸೀಟು ತೆರವು ಮಾಡಿಸುತ್ತಾರೆ. ಗೋದಾಮಿನ ಬಾಗಿಲು ತೆರೆಯುವವರು ಈಗಲೂ, ಬೀಗದ ಕೈ ಮರಳಿ ಪಡೆದ ಕೆಂಚವೀರಪ್ಪನವರೇ. ದೀಪದ ಕೆಳಗಿನ ಜಾಗ ಗುಡಿಸಿ, ಸೂಜಿಗೆ ದಾರ ಪೋಣಿಸಿಡುತ್ತಾರೆ. “ನನ್ನ ಕಣ್ಣು ಇನ್ನೂ ಚಲೋ ಅವೆ ತಂಗಿ. ಇಲಿ ಮಾತ್ರ ಕಾಣಲಿಲ್ಲ ನೋಡು,” ಎಂದು ತಾವೇ ನಗುತ್ತಾರೆ.

ಮೊದಲ ಕಾಲು ಮುಗಿದಾಗ ಇನ್ನೊಂದು ತೊಡಕು ಎದುರಾಯಿತು. ಹೊಸ ಹೊಲಿಗೆ ಬಲು ನೇರ, ಹಳೆಯದು ಕೊಂಚ ಸೊಟ್ಟ. “ಆವಾಗ ಸೂಜಿ ಚುಚ್ಚಿ ಹೆಬ್ಬೆರಳು ಕೀವಾಗಿತ್ರಿ. ಬಟ್ಟೆ ಕಟ್ಕಂಡೇ ಹೊಲ್ದಿದ್ದೆ. ಈಗ ಬೆರಳು ವಾಸಿ ಆಗೈತೆ, ಅದೇ ತೊಂದ್ರೆ!” ಗುಲ್ನಾಜ್ ಇಡೀ ಕಾಲಿನ ಹೊಲಿಗೆ ಬಿಚ್ಚಿದರು. ಆರೋಗ್ಯವಾಗಿದ್ದ ಹೆಬ್ಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿ ಮತ್ತೆ ಮೊದಲಿನಿಂದ ಹೊಲಿದರು. ಈ ಸಲ ಸೊಟ್ಟವೂ ಸರಿಯಾಗಿ ಬಂತು.

ಹೊಳೆಯಲ್ಲಿ ಇಂದು ಬೆಳಿಗ್ಗೆ ಹಳತಾದದ್ದು ಆರನೆಯ, ಕೊನೆಯ ತುಂಡು. ಮಧ್ಯಾಹ್ನ ಮೂರಕ್ಕೆ ಅದೂ ಅಂಗಿಗೆ ಕೂಡಿಕೊಳ್ಳುತ್ತದೆ. ನಾಲ್ಕಕ್ಕೆ ನೌಕೆಯ ಬಾಗಿಲು ತೆರೆಯುತ್ತದೆ. ಆರು ಜನ ಹೊಗೆಯೊಳಗಿಂದ ಹೆಜ್ಜೆಯಿಡುತ್ತಾರೆ. ಅಂಕಿತಾ ಒಂದು ಪರದೆಯಲ್ಲಿ ಹಳೆಯ ದೃಶ್ಯ, ಇನ್ನೊಂದರಲ್ಲಿ ಹೊಸದನ್ನು ನಿಲ್ಲಿಸಿ ನೋಡುತ್ತಾರೆ. ಎರಡೆರಡು ಸಲ ನೋಡುತ್ತಾರೆ. ಮ್ಯಾನೇಜರ್ ಬಗ್ಗಿ ಇಣುಕಿ, “ರಿಪೇರಿ ಯಾವ ಕಾಲಿಗೆ ಆಗಿತ್ತು?” ಎಂದು ಕೇಳುತ್ತಾರೆ. ಕೆಂಚವೀರಪ್ಪ ಮೀಸೆಯಡಿ ನಗುತ್ತಾರೆ.

“ಅಮ್ಮಾ, ಈ ಸಲ ಒಳಗೇನೂ ಇಟ್ಟಿಲ್ಲ ತಾನೆ?” ಅಂಕಿತಾ ಮೆಲ್ಲಗೆ ಕೇಳುತ್ತಾರೆ.

“ಇಟ್ಟೀನ್ರಿ,” ಗುಲ್ನಾಜ್ ಮುಚ್ಚಿಡುವುದಿಲ್ಲ. “ಕಸ್ತೂರಮ್ಮ ಹೋಗೋ ಮುಂಚೆ ನಂಗೊಂದು ಸೀರೆ ಕೊಟ್ಟಿದ್ರು. ಅದರ ಸೆರಗಿನ ಚೂರು, ಅಂಗಿಗೊಂದು. ಇಲಿಗೆ ರುಚಿ ಹತ್ತಲ್ಲ. ಹಂಗಂತ ಬ್ಯಾರೆ ಲೋಕಕ್ಕೆ ಹೋಗೋರ್ನ ಖಾಲಿ ಹೊಟ್ಟೆ ಅಂಗಿಯಾಗೆ ಹೆಂಗೆ ಕಳಿಸ್ಲಿ?”

ಹೆಬ್ಬೆರಳಿನ ಬಟ್ಟೆ ಬಿಚ್ಚಿ, ಮಡಚಿ, ಸೂಜಿ ಡಬ್ಬಿಯೊಳಗಿಡುತ್ತಾರೆ. ಮೂರನೇ ಸೀಸನ್ನಿಗೆ ಬೇಕಾಗುತ್ತದಂತೆ.